ಗಣಕದ ಬಾಗಿಲಿನ ಜವಾನ

ದೊಡ್ಡದೊಂದು ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಶಿರಸ್ತೇದಾರರು ಮಹಾ ಸಮರ್ಥರು. ಎಂತಹ ಕಡತವನ್ನಾದರೂ ಕ್ಷಣದಲ್ಲಿ ಇತ್ಯರ್ಥಗೊಳಿಸಬಲ್ಲರು. ಆದರೆ ಹೊರಗಿನಿಂದ ಬರುವ ನೀಳವಾದ ವರದಿಯೊಂದು ಹಾಳೆಗೊಂದರಂತೆ ನಲವತ್ತು ಲಕೋಟೆಗಳಲ್ಲಿ ಬರುತ್ತದೆ. ಟಪಾಲಿನ ಜವಾನನು ಪ್ರತಿಯೊಂದನ್ನೂ ಬೇರೆಬೇರೆಯಾಗಿ ತಂದು ಮೇಜಿನ ಮೇಲಿಡುತ್ತಾನೆ. ಶಿರಸ್ತೇದಾರರು ಪ್ರತಿಸಲವೂ ಕೈಗೆಲಸವನ್ನು ನಿಲ್ಲಿಸಿ, ವಿಳಾಸವನ್ನು ಓದಿ, ಮುದ್ರೆಯನ್ನು ಪರೀಕ್ಷಿಸಿ, ಆವಕ ಪುಸ್ತಕದಲ್ಲಿ ದಾಖಲಿಸಿ, ಹಾಳೆಯನ್ನು ಕಡತಕ್ಕೆ ಸೇರಿಸಬೇಕು. ದಿನವೆಲ್ಲ ಲಕೋಟೆ ಒಡೆಯುವುದರಲ್ಲಿಯೇ ಕಳೆದರೆ ವರದಿಯನ್ನು ಓದಲು ಅವರಿಗೆ ಪುರಸತ್ತೆಲ್ಲಿ?

ಜಾಲಕ್ಕೆ ಸೇರಿದ ಗಣಕಯಂತ್ರದ ಪಾಡೂ ಇದಕ್ಕಿಂತ ಭಿನ್ನವಲ್ಲ. ಶಿರಸ್ತೇದಾರರೆಂದರೆ ಅದರ ಪ್ರೊಸೆಸರ್. ಜವಾನನೆಂದರೆ ಜಾಲದ ತಂತಿಯು ಬಂದು ಸೇರುವ ನೆಟ್‌ವರ್ಕ್ ಕಾರ್ಡು. ಇವರಿಬ್ಬರ ನಡುವೆ ಮಾತುಕತೆ ನಡೆಸುವ ದುಭಾಷಿಯೇ ಡ್ರೈವರ್ ಎಂಬ ಕ್ರಮವಿಧಿ. ಜಾಲದಲ್ಲಿ ಮಾಹಿತಿಯು ಅಖಂಡವಾಗಿ ಹರಿಯುವುದಿಲ್ಲ, ಪೊಟ್ಟಣಗಳಾಗಿ ಬರುತ್ತದೆ. ಈಥರ್ನೆಟ್ಟಿನ ನಿಯಮದಂತೆ ಸಾಮಾನ್ಯ ಪೊಟ್ಟಣವೊಂದು ಹೊರಬಲ್ಲ ಸರಕು 1,500 ಬೈಟು. ಅದರಲ್ಲಿ ಐಪಿ ತಲೆಬರಹಕ್ಕೆ 20, ಟಿಸಿಪಿ ತಲೆಬರಹಕ್ಕೆ 20 ಬೈಟುಗಳನ್ನು ಕಳೆದರೆ ನಿಜವಾದ ಮಾಹಿತಿಗೆ ಉಳಿಯುವುದು 1,460.

ಈಗ ಸ್ವಲ್ಪ ಲೆಕ್ಕ ಮಾಡೋಣ. ತಂತಿಯ ಮೇಲಿನ ಮುನ್ಸೂಚನೆ, ನಡುವಿನ ಬಿಡುವು ಮೊದಲಾದುವನ್ನು ಸೇರಿಸಿದರೆ ತುಂಬಿದ ಪೊಟ್ಟಣವೊಂದಕ್ಕೆ 1,538 ಬೈಟುಗಳ ಕಾಲ ಬೇಕು. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಒಂದೊಂದು ಸೆಕೆಂಡಿಗೂ ಸುಮಾರು 8 ಲಕ್ಷ 12 ಸಾವಿರ ಪೊಟ್ಟಣಗಳು ಬರಬಹುದು. ಅಂದರೆ ಒಂದಕ್ಕೆ 1.23 ಮೈಕ್ರೊಸೆಕೆಂಡು. 100 ಗಿಗಾಬಿಟ್ ತಂತಿಯಲ್ಲಾದರೋ ಈ ಅವಕಾಶವು 123 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಪ್ರೊಸೆಸರ್ ತನ್ನ ಮುಖ್ಯ ಸ್ಮೃತಿಗೆ ಒಮ್ಮೆ ಹೋಗಿಬರಲು ಹೆಚ್ಚುಕಡಿಮೆ 100 ನ್ಯಾನೊಸೆಕೆಂಡು ಬೇಕೆಂಬುದನ್ನು ನೆನೆದರೆ ಸಂಕಟದ ಅರಿವಾಗುತ್ತದೆ. ಒಂದೇ ಒಂದು ಪ್ರಯಾಣಕ್ಕೆ ಸಮಯವು ತೀರಿಹೋಯಿತು!

ಆದುದರಿಂದ ಜವಾನನಿಗೂ ಕೊಂಚ ವಿದ್ಯೆಯನ್ನು ಕಲಿಸಬೇಕಾಯಿತು. ಅವನಿಗೆ ವಹಿಸಿದ ಮೊದಲ ಕೆಲಸ ತಾಳೆ ನೋಡುವುದು. ಟಿಸಿಪಿ ಪೊಟ್ಟಣದಲ್ಲಿ 16 ಬಿಟ್ಟುಗಳ ತಾಳೆ ಮೊತ್ತವೊಂದಿರುತ್ತದೆ. ಅದರ ಕ್ರಮವನ್ನು ದಶಮಾನದಲ್ಲಿಯೇ ತಿಳಿಯಬಹುದು. ನಾವು ಕಳುಹಿಸಬೇಕಾದ ಸಂಖ್ಯೆಗಳು 47 ಮತ್ತು 85 ಎನ್ನೋಣ. ಮೊತ್ತ 132. ನೂರರ ಸ್ಥಾನದ 1ನ್ನು ತೆಗೆದು 32ಕ್ಕೆ ಕೂಡಿದರೆ 33. ಇದನ್ನು 99ರಿಂದ ಕಳೆದರೆ 66. ಇದನ್ನೇ ಪೊಟ್ಟಣದಲ್ಲಿ ಬರೆದು ಕಳುಹಿಸುತ್ತೇವೆ. ಪಡೆದವರು ಮೂರನ್ನೂ ಕೂಡಿದರೆ 198. 98ಕ್ಕೆ 1 ಸೇರಿ 99. ಹೀಗೆ 99 ಬಂದರೆ ಸರಕು ಕೆಟ್ಟಿಲ್ಲವೆಂದು ನಂಬುತ್ತೇವೆ. 47 ಮತ್ತು 85 ಪರಸ್ಪರ ಸ್ಥಾನ ಬದಲಿಸಿದರೂ 99ೇ ಬರುವುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ಕಾವಲುಗಾರನ ಕಣ್ಣು ಅಷ್ಟೇನೂ ತೀಕ್ಷ್ಣವಲ್ಲ. ಈ ಕೂಡುವಿಕೆಯನ್ನು ಕಾರ್ಡೇ ಮಾಡಿ, ಫಲವನ್ನು ಡ್ರೈವರಿಗೆ ಒಪ್ಪಿಸುತ್ತದೆ.

ಎರಡನೆಯ ಕೆಲಸ ಇನ್ನೂ ಸ್ವಾರಸ್ಯವಾದುದು. ಒಂದೇ ಕಡೆಯಿಂದ, ಒಂದೇ ಸಂಭಾಷಣೆಗೆ ಸೇರಿ, ಕ್ರಮಾಂಕದಲ್ಲಿ ಒಂದರ ಹಿಂದೊಂದು ಬರುವ ಪೊಟ್ಟಣಗಳ ತಲೆಬರಹಗಳನ್ನು ಕಳಚಿ, ಸರಕನ್ನೆಲ್ಲ ಜೋಡಿಸಿ, ಒಂದೇ ತಲೆಬರಹದ ಕಟ್ಟಾಗಿ ಮಾಡುವುದು. ಐಪಿಯ ನಿಯಮದಂತೆ ಕಟ್ಟು 65,535 ಬೈಟುಗಳನ್ನು ಮೀರಬಾರದು. ಆದುದರಿಂದ 44 ತುಂಬಿದ ಪೊಟ್ಟಣಗಳು ಒಂದು ಕಟ್ಟಿನಲ್ಲಿ ಹಿಡಿಯುತ್ತವೆ. ಸೆಕೆಂಡಿಗೆ 8 ಲಕ್ಷ 12 ಸಾವಿರ ಸಲ ಏಳಬೇಕಾಗಿದ್ದ ಶಿರಸ್ತೇದಾರರು ಹದಿನೆಂಟು ಸಾವಿರದ ಐನೂರರಷ್ಟು ಸಲ ಎದ್ದರೆ ಸಾಕು.

ಇಷ್ಟು ಸುಲಭವಾದರೆ ತೊಂದರೆಯೇನು? ಲಿನಕ್ಸ್ ವ್ಯವಸ್ಥೆಯ ಚರಿತ್ರೆಯು ಇದಕ್ಕೆ ಉತ್ತರ ಹೇಳುತ್ತದೆ. 2008ರ ಜನವರಿಯಲ್ಲಿ ಹೊರಬಂದ ಅದರ 2.6.24ನೆಯ ಆವೃತ್ತಿಯಲ್ಲಿ ಎಲ್‌ಆರ್‌ಒ ಎಂಬ ಸೇರ್ಪಡೆಯ ವಿಧಾನವಿತ್ತು. ಅದು ಉದಾರ ಸ್ವಭಾವದ್ದು. ತಲೆಬರಹಗಳಲ್ಲಿ ಸಣ್ಣಪುಟ್ಟ ಭೇದಗಳಿದ್ದರೂ ಸೇರಿಸಿಬಿಡುತ್ತಿತ್ತು. ಪತ್ರವು ನಮ್ಮ ಕಚೇರಿಗೇ ಬಂದುದಾದರೆ ಚಿಂತೆಯಿಲ್ಲ. ಆದರೆ ಆ ಗಣಕವು ಬೇರೊಬ್ಬರ ಟಪಾಲನ್ನು ಮುಂದಕ್ಕೆ ಸಾಗಿಸುವ ಮಾರ್ಗದರ್ಶಿ ಯಂತ್ರವಾದರೆ? 64,000 ಬೈಟುಗಳ ಕಟ್ಟು 1,500ರ ತಂತಿಯಲ್ಲಿ ಹಿಡಿಯದು; ಮತ್ತೆ ಬಿಡಿಸೋಣವೆಂದರೆ ಮೂಲದ ಲಕೋಟೆಗಳು ಹೇಗಿದ್ದುವೆಂಬುದೇ ತಿಳಿಯದು. ಜವಾನನ ಅತಿ ಉತ್ಸಾಹದಿಂದ ಪರರ ಪತ್ರ ಕೆಡುವಂತಾಯಿತು. ಆದುದರಿಂದ ಅಂತಹ ಯಂತ್ರಗಳಲ್ಲಿ ಈ ವಿಧಾನವನ್ನು ನಿಲ್ಲಿಸಿಬಿಡಬೇಕಾಗಿತ್ತು.

2009ರ ಮಾರ್ಚಿಯಲ್ಲಿ ಬಂದ 2.6.29ನೆಯ ಆವೃತ್ತಿಯು ಜಿಆರ್‌ಒ ಎಂಬ ಕಟ್ಟುನಿಟ್ಟಾದ ವಿಧಾನವನ್ನು ತಂದಿತು. ಅದರ ತತ್ತ್ವ ಒಂದೇ: ಬಂದಂತೆಯೇ ಮರಳಿ ಬಿಡಿಸಲು ಸಾಧ್ಯವಾದುದನ್ನು ಮಾತ್ರ ಸೇರಿಸಬೇಕು. ಆದರೆ ಈ ಸೇರ್ಪಡೆಯನ್ನು ಮಾಡುತ್ತಿದ್ದುದು ಪ್ರೊಸೆಸರೇ. ಇದೇ ಶಿಸ್ತನ್ನು ಪಾಲಿಸಬಲ್ಲ ಕಾರ್ಡುಗಳಿಗಾಗಿ 2018ರ 4.16ನೆಯ ಆವೃತ್ತಿಯಲ್ಲಿ ಪ್ರತ್ಯೇಕವಾದ ಗುರುತೊಂದನ್ನು ಕಲ್ಪಿಸಲಾಯಿತು.

ಹಾಗಾದರೆ ಡ್ರೈವರನ್ನು ಬರೆಯುವವನು ಮಾಡಬೇಕಾದುದೇನು? ಮೊದಲು, ತನ್ನ ಕಾರ್ಡಿಗೆ ಈ ಶಕ್ತಿಯುಂಟೆಂದು ವ್ಯವಸ್ಥೆಗೆ ಸಾರಬೇಕು. ಬೇಡವೆಂದವರಿಗೆ ಅದನ್ನು ನಿಲ್ಲಿಸುವ ಗುಂಡಿಯನ್ನೂ ಒದಗಿಸಬೇಕು. ಎರಡನೆಯದಾಗಿ, ದೊಡ್ಡ ಕಟ್ಟುಗಳನ್ನಿಡಲು ಸ್ಮೃತಿಯಲ್ಲಿ ಸ್ಥಳವನ್ನು ಮುಂಚಿತವಾಗಿ ಕಾದಿರಿಸಿ ಕಾರ್ಡಿಗೆ ತಿಳಿಸಬೇಕು. ಮೂರನೆಯದಾಗಿ, ಕಟ್ಟು ಬಂದಾಗ ಕಾರ್ಡು ಬರೆದಿಟ್ಟ ಟಿಪ್ಪಣಿಯನ್ನು ಓದಿ, ಮೂಲದಲ್ಲಿ ಎಷ್ಟು ಪೊಟ್ಟಣಗಳಿದ್ದುವು, ಒಂದೊಂದರ ಅಳತೆಯೇನು ಎಂಬುದನ್ನು ಕಟ್ಟಿನ ಜೊತೆಗೆ ನಮೂದಿಸಬೇಕು. ಈ ಅಂಕಿ ನೋಡಲು ಅಲ್ಪವಾದುದು. ಆದರೆ ಕಟ್ಟನ್ನು ಬಿಡಿಸುವ ಕೀಲಿಕೈ ಅದೇ. ಅದು ತಪ್ಪಿದರೆ 2008ರ ತೊಂದರೆಯೇ ಮರುಕಳಿಸುತ್ತದೆ.

ಕಾಲದ ಪ್ರಶ್ನೆಯೂ ಉಂಟು. ಇನ್ನೊಂದು ಹಾಳೆ ಬಂದೀತೆಂದು ಜವಾನನು ಬಾಗಿಲಲ್ಲಿ ಕಾಯುತ್ತ ನಿಂತರೆ, ತುರ್ತಾದ ಒಂದು ಸಾಲಿನ ಪತ್ರವೂ ತಡವಾಗುತ್ತದೆ. ಆದುದರಿಂದ ಕಾಯುವ ಅವಧಿಗೆ ಮಿತಿಯಿರಬೇಕು; ಸಂಭಾಷಣೆ ಮುಗಿಯಿತೆಂಬ ಗುರುತು ಕಂಡೊಡನೆ ಕಟ್ಟನ್ನು ಒಳಗೆ ಕಳುಹಿಸಬೇಕು.

ಕೊನೆಯದಾಗಿ, ನಂಬಿಕೆಯ ವಿಷಯ. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಎಂಬ ಸಂಶೋಧಕರು ನಿಜವಾದ ಜಾಲದ ಪೊಟ್ಟಣಗಳನ್ನು ಪರೀಕ್ಷಿಸಿ, 1,100ಕ್ಕೊಂದರಿಂದ 32,000ಕ್ಕೊಂದರವರೆಗೆ ಟಿಸಿಪಿ ತಾಳೆಯಲ್ಲಿ ತಪ್ಪುತ್ತಿದ್ದುವೆಂದು ತೋರಿಸಿದರು. ತಂತಿಯ ದೋಷಗಳನ್ನು ಹಿಡಿಯಲು ಬೇರೆಯೇ ಬಲವಾದ ಪರೀಕ್ಷೆಯಿದ್ದರೂ ಹೀಗಾಗಿತ್ತು! ಏಕೆಂದರೆ ತಪ್ಪುಗಳು ತಂತಿಯಲ್ಲಿ ಮಾತ್ರವೇ ಹುಟ್ಟುವುದಿಲ್ಲ. ದಾರಿಯ ಯಂತ್ರಗಳ ಸ್ಮೃತಿಯಲ್ಲಿಯೂ ಕ್ರಮವಿಧಿಗಳಲ್ಲಿಯೂ ಹುಟ್ಟುತ್ತವೆ. ತಾಳೆ ನೋಡುವ ಕೆಲಸವನ್ನು ಕಾರ್ಡಿಗೇ ಬಿಟ್ಟ ಮೇಲೆ, ಕಾರ್ಡಿನಿಂದ ಸ್ಮೃತಿಗೆ ಸಾಗುವ ಕೊನೆಯ ಗೇಣಿನಲ್ಲಿ ಸರಕು ಕೆಟ್ಟರೆ ಆ ತಾಳೆಯು ಅದನ್ನು ಕಾಣಲಾರದು. ಆದುದರಿಂದಲೇ ಮುಖ್ಯವಾದ ಕಡತಗಳಿಗೆ ಅವುಗಳದೇ ಆದ ಪ್ರತ್ಯೇಕ ಪರೀಕ್ಷಾಂಕವನ್ನು ಇಡುವುದು ವಿವೇಕ.

ಕೆಲಸವನ್ನು ಹಂಚಿಕೊಟ್ಟರೆ ವೇಗವು ಹೆಚ್ಚುತ್ತದೆ, ನಿಜ. ಆದರೆ ಹಂಚಿಕೊಟ್ಟುದನ್ನು ಬೇಕಾದಾಗ ಮರಳಿ ಬಿಡಿಸಿ ನೋಡುವ ದಾರಿಯನ್ನು ಉಳಿಸಿಕೊಂಡಿರಬೇಕು. ಜಾಣನಾದ ಜವಾನನು ಲಕೋಟೆಗಳನ್ನು ಒಡೆಯುತ್ತಾನೆ. ಅವುಗಳ ಲೆಕ್ಕವನ್ನು ಮಾತ್ರ ಎಂದಿಗೂ ಬಿಸಾಡುವುದಿಲ್ಲ.