ನಾವೇ ಬಿಲ್ ಮಾಡ್ಕೋಬೇಕಂತೆ!

ಸೆಲ್ಫ್ ಚೆಕ್‌ಔಟ್ ಮಷಿನ್ ಇದ್ರೆ ಕ್ಯೂ ನಿಲ್ಲೋ ಕಷ್ಟ ತಪ್ಪುತ್ತೆ ಅಂತಾರೆ. ಸರಿ, ಅದು ಕೆಂಪು ದೀಪ ಹಾಕ್ಕೊಂಡು ನಿಂತ್ರೆ?

ಕಳೆದ ದೀಪಾವಳಿಗೆ ಮುಂಚೆ ಅಮ್ಮ ಹೊಸದುರ್ಗದಿಂದ ಬೆಂಗಳೂರಿನ ನನ್ನ ಮನೆಗೆ ಬಂದಿದ್ದಳು. ಹಬ್ಬದ ಸಾಮಾನು ತರೋಣ ಅಂತ ಮನೆ ಹತ್ತಿರದ ಸೂಪರ್ ಮಾರ್ಕೆಟ್‌ಗೆ ಇಬ್ಬರೂ ಹೋದೆವು. ಬಿಲ್ಲಿಂಗ್ ಕೌಂಟರ್ ಮುಂದೆ ಉದ್ದ ಕ್ಯೂ ಇತ್ತು. ಪಕ್ಕದಲ್ಲೇ ಹೊಸದಾಗಿ ಇಟ್ಟಿದ್ದ ನಾಲ್ಕು ಸೆಲ್ಫ್ ಚೆಕ್‌ಔಟ್ ಮಷಿನ್‌ಗಳಲ್ಲಿ ಎರಡು ಖಾಲಿ ಇದ್ದವು.

"ಬಾ ಅಮ್ಮಾ, ಇಲ್ಲಿ ನಾವೇ ಬಿಲ್ ಮಾಡ್ಕೋಬಹುದು. ಎರಡೇ ನಿಮಿಷ" ಅಂದೆ, ಸ್ವಲ್ಪ ಜಂಬದಿಂದಲೇ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವರ ಕೆಲಸ ನಾವು ಮಾಡಿದ್ರೆ ರೇಟ್ ಏನಾದ್ರೂ ಕಮ್ಮಿ ಮಾಡ್ತಾರೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತೊಗರಿಬೇಳೆ, ಸೋಪು ಸ್ಕ್ಯಾನ್ ಆದವು. ಅಮ್ಮ ಮನೆಯಿಂದ ತಂದಿದ್ದ ಬಟ್ಟೆ ಚೀಲವನ್ನು ಪಕ್ಕದ ಕಟ್ಟೆ ಮೇಲಿಟ್ಟಳು. ತಕ್ಷಣ ಕೆಂಪು ದೀಪ, ಮೇಲೆ ಇಂಗ್ಲಿಷ್‌ನಲ್ಲಿ ಏನೋ ಎಚ್ಚರಿಕೆ. ಚೀಲ ತೆಗೆದರೆ ಅದಕ್ಕೂ ಒಂದು ಎಚ್ಚರಿಕೆ. ಆಮೇಲೆ ತರಕಾರಿ ಸರದಿ. ನಮ್ಮ ಕಡೆ ಜವಳಿಕಾಯಿ, ಬೆಂಗಳೂರಲ್ಲಿ ಗೋರಿಕಾಯಿ, ಮಷಿನ್‌ಗೆ ಮಾತ್ರ ಅದು ಕ್ಲಸ್ಟರ್ ಬೀನ್ಸ್. ಆ ಹೆಸರು ನನಗೂ ಫೋನಲ್ಲಿ ಹುಡುಕಿದ ಮೇಲೇ ಗೊತ್ತಾಗಿದ್ದು.

ಅಷ್ಟರಲ್ಲಿ ಆಫೀಸಿಂದ ಫೋನ್ ಬಂತು. "ಇನ್ನು ನಾಲ್ಕೇ ಐಟಂ ಇದೆ, ಬೀಪ್ ಅಂದ್ರೆ ಆಯ್ತು ಅಂತ ಅರ್ಥ. ಆಮೇಲೆ ಬಂದು ನಾನು ಪೇ ಮಾಡ್ತೀನಿ" ಅಂತ ಹೇಳಿ ಪಕ್ಕಕ್ಕೆ ಹೋದೆ. ಐದು ನಿಮಿಷದ ಮೇಲೆ ಬಂದು, ಪರದೆ ನೋಡದೆ ಫೋನಿಂದ ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿದೆ. ಬಾಗಿಲ ಹತ್ತಿರ ಸೆಕ್ಯೂರಿಟಿಯವರು ಬಿಲ್ ನೋಡಿದರು, ಚೀಲದೊಳಗೆ ಇಣುಕಿದರು, ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲಿಟ್ಟರು. ಊದುಬತ್ತಿ ಪ್ಯಾಕೆಟ್ ಬಿಲ್ಲಲ್ಲಿ ಇರಲಿಲ್ಲ.

"ಬೀಪ್ ಅಂತಲ್ಲಪ್ಪಾ" ಅಂದಳು ಅಮ್ಮ. ಹಿಂದೆ ನಿಂತಿದ್ದವರೆಲ್ಲ ನೋಡುತ್ತಿದ್ದರು.

ಬೀಪ್ ಅಂದಿದ್ದು ನಿಜವೇ. ಆದರೆ ಅದು ಪಕ್ಕದ ಮಷಿನ್‌ನದು. ನಾಲ್ಕೂ ಮಷಿನ್‌ಗಳಿಗೆ ಒಂದೇ ದನಿ. ಊದುಬತ್ತಿಗೆ ಬೇರೆ ದುಡ್ಡು ಕಟ್ಟಿದೆವು, ಯಾರೂ ಬೈಯಲಿಲ್ಲ. ಆದರೆ ಆಟೋದಲ್ಲಿ ಅಮ್ಮ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಹೇಳಿದಳು: "ಚೀಲ ಬಿಚ್ಚಿ ತೋರಿಸು ಅಂತ ಇವತ್ತಿನ ತನಕ ನಂಗೆ ಯಾರೂ ಅಂದಿರಲಿಲ್ಲ ಕಣೋ."

ಮಷಿನ್ ತಲೆಯಲ್ಲಿ ಏನಿದೆ?

ನಾನು ಸಾಫ್ಟ್‌ವೇರ್ ಎಂಜಿನಿಯರ್. ಅವತ್ತು ರಾತ್ರಿ ಸಿಟ್ಟಿಗೆ ಈ ಮಷಿನ್‌ಗಳ ಬಗ್ಗೆ ಓದುತ್ತಾ ಕೂತೆ.

ಪ್ಯಾಕೆಟ್ ಮೇಲಿನ ಬಾರ್‌ಕೋಡ್‌ನಲ್ಲಿ ಸಾಮಾನ್ಯವಾಗಿ 13 ಅಂಕಿ ಇರುತ್ತವೆ. ಭಾರತದಲ್ಲಿ ನೋಂದಣಿಯಾದದ್ದಾದರೆ ಶುರುವಿನಲ್ಲಿ 890. ಕೊನೆಯ ಅಂಕಿ ಉಳಿದ 12 ಅಂಕಿಗಳ ಲೆಕ್ಕದಿಂದ ಬರುತ್ತದೆ. ಸ್ಕ್ಯಾನರ್ ತಪ್ಪು ಓದಿದರೆ ಈ ಲೆಕ್ಕ ತಾಳೆಯಾಗಲ್ಲ, ಹಾಗಾಗಿ ಬಾರ್‌ಕೋಡ್ ತಪ್ಪು ಸಾಮಾನಿಗೆ ಬಿಲ್ ಹಾಕೋದು ತೀರಾ ಅಪರೂಪ. ಇಲ್ಲಿಯವರೆಗೂ ಎಲ್ಲ ಚೆನ್ನಾಗಿದೆ.

ಗೋಳು ಶುರುವಾಗೋದು ಪಕ್ಕದ ಕಟ್ಟೆಯಲ್ಲಿ. ಅದರ ಕೆಳಗೆ ತೂಕದ ಯಂತ್ರ ಇರುತ್ತೆ. ಅರ್ಧ ಕೆಜಿ ಬೇಳೆ ಸ್ಕ್ಯಾನ್ ಆದರೆ ಕಟ್ಟೆ ಮೇಲೆ ಹೆಚ್ಚುಕಮ್ಮಿ ಅಷ್ಟೇ ತೂಕ ಏರಬೇಕು. ಏರದಿದ್ದರೆ ತಪ್ಪು, ಜಾಸ್ತಿ ಏರಿದರೂ ತಪ್ಪು. ಬಟ್ಟೆ ಚೀಲ ಇಟ್ಟರೆ, ಮಗು ಕೈ ಊರಿದರೆ, ತುಂಬಿದ ಚೀಲ ಎತ್ತಿ ಕೆಳಗಿಟ್ಟರೆ, ಎಲ್ಲಕ್ಕೂ ಕೆಂಪು ದೀಪ. ಪಾಪದ ಗ್ರಾಹಕ ಯಾರು, ಕಳ್ಳ ಯಾರು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಯಾರನ್ನು ನಂಬಬೇಕು ಅಂತ ಯಾರೋ ಒಬ್ಬರು ಮೊದಲೇ ತೀರ್ಮಾನ ಮಾಡಿ ಕೋಡ್ ಬರೆದಿರುತ್ತಾರೆ. ಹತ್ತು ಜನ ಪ್ರಾಮಾಣಿಕರನ್ನು ನಿಲ್ಲಿಸಿದರೂ ಪರವಾಗಿಲ್ಲ, ಒಂದು ಪ್ಯಾಕೆಟ್ ತಪ್ಪಿಸಿಕೊಳ್ಳಬಾರದು ಅನ್ನೋ ತೀರ್ಮಾನ ಅದು.

ಅಮ್ಮನಿಗೆ ಮಷಿನ್ ಬರಲ್ಲ ಅಂತಲ್ಲ

"ವಯಸ್ಸಾದವರಿಗೆ ಇದೆಲ್ಲ ಕಷ್ಟ ಬಿಡಿ" ಅಂದ ನನ್ನ ಸಹೋದ್ಯೋಗಿಯೊಬ್ಬ. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಆದರೆ ಊರಲ್ಲಿ ಅಮ್ಮ ಬಳಸೋ ಮಷಿನ್‌ಗಳ ಲೆಕ್ಕ ಹಾಕಿದರೆ ಆ ಮಾತು ನಿಲ್ಲಲ್ಲ.

ಹೊಸದುರ್ಗದ ಎಟಿಎಂನಲ್ಲಿ ಅಮ್ಮ ಒಬ್ಬಳೇ ಹೋಗಿ ದುಡ್ಡು ತೆಗೀತಾಳೆ. ಅಲ್ಲಿ ಮೊದಲು ಕೇಳೋದೇ ಯಾವ ಭಾಷೆ ಅಂತ. ಹಿರಿಯೂರಿನಲ್ಲಿರೋ ದೊಡ್ಡಮ್ಮನ ಜೊತೆ ಬ್ಯಾಂಕಿಗೆ ಹೋದರೆ ಪಾಸ್‌ಬುಕ್ ಎಂಟ್ರಿ ಹಾಕೋ ಮಷಿನ್‌ಗೆ ಪುಸ್ತಕ ತೂರಿಸೋದು ಅಮ್ಮನೇ. ತಲೆಕೆಳಗಾಗಿ ಇಟ್ಟರೆ "ತಿರುಗಿಸಿ ಇಡಿ ಅಮ್ಮಾ" ಅಂತ ಹೇಳೋಕೆ ಅಲ್ಲೊಬ್ಬ ಗಾರ್ಡ್ ಇರ್ತಾರೆ. ಫ್ಲೋರೈಡ್ ಕಾಟದ ನಮ್ಮ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿವೆ. ನಾಣ್ಯ ಹಾಕಿ ಕ್ಯಾನ್ ಹಿಡಿಯೋದು ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಗೊತ್ತು. ಅದೂ ಸೆಲ್ಫ್ ಸರ್ವೀಸೇ ತಾನೇ?

ಅಮ್ಮನ ತವರು ಹೊಳಲ್ಕೆರೆ. ಅಲ್ಲಿಯ ಕಿರಾಣಿ ಅಂಗಡಿಯಲ್ಲಿ ಯುಪಿಐ ದುಡ್ಡು ಬಂದ ಕೂಡಲೇ ಗಲ್ಲಾ ಮೇಲಿನ ಪೆಟ್ಟಿಗೆ ಕನ್ನಡದಲ್ಲೇ ಮೊತ್ತ ಕೂಗಿ ಹೇಳುತ್ತೆ. ಕೊಟ್ಟವರಿಗೂ ಗೊತ್ತಾಗುತ್ತೆ, ತಗೊಂಡವರಿಗೂ ಗೊತ್ತಾಗುತ್ತೆ. ಅದೇ ಅಂಗಡಿಯಲ್ಲಿ ಉದ್ರಿ ಪುಸ್ತಕವೂ ಇದೆ. ಯಾವುದೋ ಸಾಮಾನು ಬರೆಯೋದು ಮರೆತರೆ ಅಮ್ಮನೇ "ಯಜಮಾನ್ರೇ, ಶ್ಯಾವಿಗೆ ಬರ್ದಿಲ್ಲ ನೋಡಿ" ಅಂತ ನೆನಪು ಮಾಡ್ತಾಳೆ.

ಅಂದರೆ ಅಮ್ಮನಿಗೆ ಬೇಕಾದ್ದು ಮೂರೇ: ತನಗೆ ಅರ್ಥವಾಗೋ ಭಾಷೆ, ಕೆಲಸ ಆಯ್ತೋ ಇಲ್ವೋ ಅಂತ ಸ್ಪಷ್ಟವಾದ ಸೂಚನೆ, ತಪ್ಪಾದರೆ ಹೇಳಿಕೊಡೋಕೆ ಒಬ್ಬ ಮನುಷ್ಯ. ಆ ಸೂಪರ್ ಮಾರ್ಕೆಟ್‌ನಲ್ಲಿ ಮೂರೂ ಇರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯ್ತು. ಹೊರಗೆ ಬೋರ್ಡ್ ಕನ್ನಡದಲ್ಲೇ ಇತ್ತು. ಒಳಗಿನ ಪರದೆಗೆ ಮಾತ್ರ ಅದರ ಸುದ್ದಿ ಮುಟ್ಟಿರಲಿಲ್ಲ.

ಹಿಂದೆ ಸರಿದವರೂ ಇದ್ದಾರೆ

ಗ್ರಾಹಕನ ಕೈಗೆ ಕೆಲಸ ದಾಟಿಸೋದು ಹೊಸದೇನಲ್ಲ. ಗ್ರಾಹಕರೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳೋ ಅಂಗಡಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಶುರು ಮಾಡಿದ. ಪಿಗ್ಲಿ ವಿಗ್ಲಿ ಅಂತ ಅದರ ಹೆಸರು. ಬಿಲ್ ಹಾಕೋದೂ ಗ್ರಾಹಕರ ಪಾಲಿಗೆ ಬಂದಿದ್ದು 1986ರಲ್ಲಿ, ಅಟ್ಲಾಂಟಾ ಹತ್ತಿರದ ಕ್ರೋಗರ್ ಮಳಿಗೆಯಲ್ಲಿ.

ಈಗ ಅಲ್ಲೇ ಕೆಲವರು ಮರುಯೋಚನೆ ಮಾಡ್ತಿದ್ದಾರೆ. ಇಂಗ್ಲೆಂಡಿನ ಬೂತ್ಸ್ ಅನ್ನೋ ಸೂಪರ್ ಮಾರ್ಕೆಟ್ ತನ್ನ 28 ಮಳಿಗೆಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ಈ ಮಷಿನ್‌ಗಳನ್ನು ತೆಗೆಯೋದಾಗಿ 2023ರ ನವೆಂಬರ್‌ನಲ್ಲಿ ಹೇಳಿತು. ಅಮೆರಿಕದ ಟಾರ್ಗೆಟ್ 2024ರ ಮಾರ್ಚ್‌ನಿಂದ ಬಹುತೇಕ ಮಳಿಗೆಗಳಲ್ಲಿ ಸೆಲ್ಫ್ ಚೆಕ್‌ಔಟನ್ನು 10 ಐಟಂಗಳಿಗೆ ಸೀಮಿತ ಮಾಡಿತು.

ಹಾಗಂತ ಎಲ್ಲ ಸೆಲ್ಫ್ ಚೆಕ್‌ಔಟೂ ಕೆಟ್ಟದಲ್ಲ. ಡೆಕಾಥ್ಲಾನ್‌ನಲ್ಲಿ ಪ್ರತಿ ಸಾಮಾನಿಗೂ ಆರ್‌ಎಫ್‌ಐಡಿ ಟ್ಯಾಗ್ ಇರುತ್ತೆ. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಪಟ್ಟಿ ತಾನಾಗೇ ಬರುತ್ತೆ. ಬೀಪ್ ಎಣಿಸೋ ತಲೆನೋವಿಲ್ಲ. ಆದರೆ ಸಡಿಲ ತರಕಾರಿ, ಸೊಪ್ಪಿಗೆ ಈ ಟ್ಯಾಗ್ ಹಚ್ಚೋಕಾಗಲ್ಲ. ಜವಳಿಕಾಯಿಗೆ ಇನ್ನೂ ಮನುಷ್ಯರೇ ಬೇಕು.

ಗೊತ್ತಿದ್ದರೆ ಒಳ್ಳೇದು

- ಖಾಲಿ ಚೀಲವನ್ನು ಕಟ್ಟೆ ಮೇಲೆ ಮೊದಲೇ ಇಡಬೇಡಿ. "ನನ್ನದೇ ಚೀಲ" ಅನ್ನೋ ಬಟನ್ ಇದೆಯಾ ನೋಡಿ, ಇಲ್ಲದಿದ್ದರೆ ಬಿಲ್ ಮುಗಿದ ಮೇಲೆ ತುಂಬಿಕೊಳ್ಳಿ.
- ಬೀಪ್ ನಂಬಬೇಡಿ, ಪರದೆ ಮೇಲಿನ ಪಟ್ಟಿ ನೋಡಿ. ದುಡ್ಡು ಕಟ್ಟೋ ಮುಂಚೆ ಐಟಂ ಸಂಖ್ಯೆ ಎಣಿಸಿ. ನಾನು ಮಾಡದೆ ಬಿಟ್ಟ ಕೆಲಸ ಇದೇ.
- ಬಿಲ್ ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರೋದು ಅನುಚಿತ ವ್ಯಾಪಾರ ಪದ್ಧತಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
- ಯುಪಿಐನಲ್ಲಿ ದುಡ್ಡು ಕಟ್ ಆಗಿ ಅಂಗಡಿಗೆ ಖಾತ್ರಿ ಬರದಿದ್ದರೆ ಗಾಬರಿಯಾಗಬೇಡಿ. ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್‌ನ 2019ರ ಸುತ್ತೋಲೆ ಹೇಳುತ್ತೆ.
- ಮನೆಯ ಹಿರಿಯರನ್ನು ಮಷಿನ್ ಮುಂದೆ ಒಬ್ಬರನ್ನೇ ಬಿಟ್ಟು ಫೋನ್‌ಗೆ ಹೋಗಬೇಡಿ.

ನನ್ನ ಪರದೆಯಲ್ಲೂ ಕೆಂಪು

ಕೊನೆಯ ಸಲಹೆ ನನಗೇ ಕೊಟ್ಟುಕೊಂಡದ್ದು. ಆ ಮಷಿನ್‌ಗೆ ನಾನು ಬೈಯ್ದಿದ್ದು ನಿಜ, ಆದರೆ ಮಾರನೇ ವಾರ ಆಫೀಸಲ್ಲಿ ನನ್ನದೇ ಕೋಡ್ ತೆರೆದಾಗ ನಾಚಿಕೆಯಾಯ್ತು. ನಾವು ಮಾಡೋದು ದುಡ್ಡು ಕಟ್ಟೋ ಆ್ಯಪ್‌ನ ಪರದೆಗಳು. ಮೂರು ವರ್ಷದ ಹಿಂದೆ ನಾನೇ ಬರೆದ ಒಂದು ಸಂದೇಶ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು: ಇನ್‌ವ್ಯಾಲಿಡ್ ಇನ್‌ಪುಟ್. ಯಾವುದು ತಪ್ಪು, ಮುಂದೇನು ಮಾಡಬೇಕು, ಒಂದೂ ಇಲ್ಲ. ಓದಿದವರು ಏನು ತಪ್ಪು ಮಾಡಿದೆವೋ ಅಂತ ಹೆದರಬೇಕಷ್ಟೇ. ಎಷ್ಟು ಜನರ ಅಮ್ಮಂದಿರು ಅದನ್ನು ನೋಡಿ ಫೋನ್ ಕೆಳಗಿಟ್ಟಿರಬಹುದು?

ಅದನ್ನು ಬದಲಾಯಿಸಿದೆ. "ಮೊಬೈಲ್ ನಂಬರ್‌ನಲ್ಲಿ ಒಂದು ಅಂಕಿ ಕಮ್ಮಿ ಇದೆ, ಇನ್ನೊಮ್ಮೆ ನೋಡಿ" ಅಂತ ಕನ್ನಡದಲ್ಲೂ ಹಾಕಿಸಿದೆ. ಒಪ್ಪಿಗೆ ಸಿಗೋಕೆ ಎರಡು ಮೀಟಿಂಗ್ ಬೇಕಾಯ್ತು.

ಹೋದ ತಿಂಗಳು ಚಿತ್ರದುರ್ಗಕ್ಕೆ ಹೋಗಿದ್ದಾಗ ಹೊಳಲ್ಕೆರೆ ರಸ್ತೆ ಕಡೆಯ ಒಂದು ಸೂಪರ್ ಮಾರ್ಕೆಟ್‌ಗೆ ಅಮ್ಮನ ಜೊತೆ ಹೋದೆ. ಅಮ್ಮ ಒಳಗೆ ಕಾಲಿಡೋ ಮುಂಚೆ ಬಾಗಿಲಲ್ಲೇ ನಿಂತು ಇಣುಕಿದಳು. "ಬಿಲ್ ಹಾಕೋಕೆ ಜನ ಇದಾರಲ್ಲ?" ಅಂದಳು. ಇದ್ದರು. ಕೌಂಟರಿನ ಹುಡುಗಿ ಜವಳಿಕಾಯಿ ತೂಕಕ್ಕೆ ಹಾಕಿ, ಪರದೆ ನೋಡದೆ ನಂಬರ್ ಒತ್ತಿದಳು. "ಹಬ್ಬಕ್ಕೆ ಬೆಂಗಳೂರಿಂದ ಮಗ ಬಂದವ್ನಾ ಆಂಟಿ?" ಅಂತ ಕೇಳಿದಳು.

ಬಿಲ್ ಆಗೋಕೆ ನಾಲ್ಕು ನಿಮಿಷ ಹಿಡೀತು. ಅಮ್ಮ ಆ ಹುಡುಗಿಯ ಊರು, ಅವರಪ್ಪನ ಹೆಸರು ಎಲ್ಲ ಕೇಳಿಕೊಂಡೇ ಹೊರಗೆ ಬಂದಳು. ಚೀಲ ಯಾರೂ ಬಿಚ್ಚಿಸಲಿಲ್ಲ.