ಕಾವೇರಿಯ ಏರುದಾರಿ

ಬೆಂಗಳೂರಿನ ನಲ್ಲಿಯಲ್ಲಿ ಸುರಿಯುವುದು
ನೀರೋ, ವಿದ್ಯುತ್ತೋ?

ಪ್ರಶ್ನೆ ವಿಚಿತ್ರವೆನಿಸಬಹುದು, ಆದರೂ ಲಾಲಿಸಿ.

ತೊರೆಕಾಡನಹಳ್ಳಿಯಿಂದ ಹೊರಡುವ ಕಾವೇರಿಯು,
ಸುಮಾರು 100 ಕಿಲೋಮೀಟರ್ ದೂರವನ್ನು ಕ್ರಮಿಸಿ,
ಹಾರೋಹಳ್ಳಿ, ತಾತಗುಣಿಗಳಲ್ಲಿ
ಪಂಪುಗಳಿಂದ ಮತ್ತೆ ಮತ್ತೆ ಮೇಲಕ್ಕೆ ನೂಕಲ್ಪಟ್ಟು,
ಸರಿಸುಮಾರು 500 ಮೀಟರ್ ಎತ್ತರವನ್ನು ಏರಿದ ಬಳಿಕವಷ್ಟೇ
ನಗರದ ಮನೆಗಳ ತೊಟ್ಟಿಯನ್ನು ಸೇರುತ್ತಾಳೆ.

ಸಾವಿರದ ಆರುನೂರು ಅಡಿ ಆಳದ ಬಾವಿಯಿಂದ
ಒಂದೊಂದು ಕೊಡವನ್ನೂ ಸೇದಿ ತಂದಂತೆ!

ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು,
ಯಂತ್ರಗಳಲ್ಲಾಗುವ ನಷ್ಟವನ್ನು ಗಣಿಸದೆಯೇ,
ಒಂದೂಕಾಲು ಯೂನಿಟ್ಟಿಗಿಂತ ಅಧಿಕ ವಿದ್ಯುತ್ತು ಬೇಕು.

ವಿಪರ್ಯಾಸವನ್ನು ನೋಡಿ.
ಇದೇ ಕಾವೇರಿಯು ಶಿವನಸಮುದ್ರದಲ್ಲಿ ಕೆಳಕ್ಕೆ ಧುಮುಕಿ,
1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ,
1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ
ವಿದ್ಯುತ್ತನ್ನಿತ್ತವಳು.

ಇಷ್ಟು ವ್ಯಯದಿಂದ ಬಂದ ನೀರಿಗೆ
ನಾವು ಮಾಡುವ ಸತ್ಕಾರವೇನು?

ಮಾರ್ಜಕಗಳ ರಂಜಕವನ್ನೂ ಬಚ್ಚಲಿನ ಕಲ್ಮಷವನ್ನೂ ಹೊತ್ತು,
ಶುದ್ಧೀಕರಣದ ಸಂಸ್ಕಾರವಿಲ್ಲದೆ,
ಅದರ ಒಂದು ಪಾಲು ವರ್ಷಾನುವರ್ಷ ನಗರದ ಬೆಳ್ಳಂದೂರು ಕೆರೆಗೆ ಹರಿಯಿತು;
ಕೆರೆ ನೊರೆಗಟ್ಟಿತು;
2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು.

ನೀರಿನ ಮೇಲೆ ಬೆಂಕಿ!
ಕಡಲೊಳಗೆ ಉರಿಯುವ ಬಡಬಾನಲವು ಕೇವಲ ಪುರಾಣದ ಮಾತೆಂದು ಬಗೆದಿದ್ದೆವಲ್ಲ.

ಆದುದರಿಂದ, ಪ್ರಿಯ ವೀಕ್ಷಕರೇ,
ಅಂಗಳ ತೊಳೆಯುವುದಕ್ಕೂ, ಗಿಡಗಳಿಗೆ ಎರೆಯುವುದಕ್ಕೂ,
ವಾಹನಗಳ ಮಜ್ಜನಕ್ಕೂ
ಏರಿಬಂದ ಕಾವೇರಿಯನ್ನು ವ್ಯಯಿಸದೆ,
ಮಾಳಿಗೆಯ ಮಳೆನೀರನ್ನು ಹಿಡಿದಿರಿಸಿಕೊಳ್ಳಿ.
ಅದನ್ನು ಯಾರೂ ಏರಿಸಬೇಕಿಲ್ಲ;
ತಾನಾಗಿಯೇ ಇಳಿದು ಬರುತ್ತದೆ.