ಮಗುವಿನ ದೃಷ್ಟಿದೋಷ: ತರಗತಿಯಲ್ಲೇ ಗುರುತಿಸುವುದು ಹೇಗೆ?

ಕಪ್ಪುಹಲಗೆಯಲ್ಲಿ ಬರೆದದ್ದನ್ನು ತಪ್ಪಾಗಿ ಬರೆದುಕೊಳ್ಳುವ ಮಗುವಿಗೆ ‘ಗಮನವಿಲ್ಲ’ ಎನ್ನುವ ಮೊದಲು ಅದಕ್ಕೆ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಬೇಕು. ಮೊದಲಿನಿಂದಲೂ ಮಸುಕಾಗಿ ನೋಡಿದ ಮಗುವಿಗೆ ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂಬ ಭಾವನೆ ಇರುತ್ತದೆ. ಆದ್ದರಿಂದ ಅದು ದೂರು ಹೇಳುವುದಿಲ್ಲ.

ಬೇಗ ಪತ್ತೆಯಾಗಲೇಬೇಕಾದ ದೋಷವೆಂದರೆ ‘ಸೋಮಾರಿ ಕಣ್ಣು’ ಅಥವಾ ಆಂಬ್ಲಿಯೋಪಿಯಾ. ಕಣ್ಣು ಹಿಡಿದ ಬಿಂಬವನ್ನು ಗ್ರಹಿಸುವುದು ಮಿದುಳು. ಆ ಸಾಮರ್ಥ್ಯ ಬೆಳೆಯುವುದು ಬಾಲ್ಯದಲ್ಲಿ. ಒಂದು ಕಣ್ಣಿನ ಪವರ್ ಹೆಚ್ಚಿದ್ದರೆ, ಮೆಳ್ಳೆಗಣ್ಣು ಅಥವಾ ಪೊರೆ ಇದ್ದರೆ ಮಿದುಳು ಆ ಕಣ್ಣಿನ ಬಿಂಬವನ್ನು ಕಡೆಗಣಿಸತೊಡಗುತ್ತದೆ. ಕಾರಣಕ್ಕೆ ತಕ್ಕ ಚಿಕಿತ್ಸೆ ಅಥವಾ ಕನ್ನಡಕ ಕೊಟ್ಟು, ಚೆನ್ನಾಗಿ ಕಾಣುವ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿದರೆ ಸೋಮಾರಿ ಕಣ್ಣು ಚುರುಕಾಗುತ್ತದೆ. 7 ವರ್ಷದೊಳಗೆ ಇದರ ಫಲ ಹೆಚ್ಚು. ತಡವಾದಷ್ಟೂ ಕನ್ನಡಕ ಹಾಕಿದರೂ ಪೂರ್ಣ ದೃಷ್ಟಿ ಮರಳುವುದು ಕಷ್ಟ.

ಒಂದು ಕಣ್ಣು ಚೆನ್ನಾಗಿದ್ದರೆ ಮಗು ಓದುತ್ತದೆ, ಆಡುತ್ತದೆ. ದೋಷ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಒಂದೊಂದೇ ಕಣ್ಣನ್ನು ಪರೀಕ್ಷಿಸಬೇಕು.

1. ಇಂಗ್ಲಿಷಿನ ‘ಈ’ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಮುದ್ರಿಸಿದ ಚಾರ್ಟನ್ನು ಬೆಳಕಿರುವ ಗೋಡೆಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ತೂಗುಹಾಕಿ.
2. ಮಗುವನ್ನು 6 ಮೀಟರ್ ದೂರದಲ್ಲಿ ನಿಲ್ಲಿಸಿ. ಕನ್ನಡಕವಿದ್ದರೆ ಹಾಕಿಕೊಂಡೇ ಇರಲಿ.
3. ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿಸಿ. ಬೆರಳಸಂದಿಯಿಂದ ಇಣುಕದಂತೆ ನೋಡಿಕೊಳ್ಳಿ.
4. ಅಕ್ಷರದ ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಲು ಹೇಳಿ. ಓದು ಬಾರದ ಮಗುವೂ ತೋರಿಸಬಲ್ಲದು.
5. ಯಾವುದೇ ಒಂದು ಕಣ್ಣಿನಿಂದ 6/9 ಸಾಲನ್ನು ಗುರುತಿಸಲಾಗದಿದ್ದರೆ ಹೆಸರು ಬರೆದುಕೊಂಡು ಕಣ್ಣಿನ ತಪಾಸಣೆಗೆ ಕಳುಹಿಸಿ.

ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಚಾರ್ಟಿಗಾಗಿ ಕಾಯದೆ ತಕ್ಷಣ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಬೇಕು. ಅದು ಪೊರೆಯಾಗಿರಬಹುದು, ಗಡ್ಡೆಯೂ ಆಗಿರಬಹುದು. ಮೆಳ್ಳೆಗಣ್ಣನ್ನು ‘ಅದೃಷ್ಟದ ಕಣ್ಣು’ ಎಂದು ಸುಮ್ಮನಿರುವ ಪೋಷಕರಿಗೆ ಚಿಕಿತ್ಸೆಯ ವಯಸ್ಸು ಕಳೆದುಹೋಗುತ್ತದೆಂದು ತಿಳಿಹೇಳಬೇಕು.

ರೋಗ ನಿರ್ಣಯ ವೈದ್ಯರ ಕೆಲಸ. ಸಂಶಯ ಬಂದ ಮಗುವನ್ನು ಅವರಲ್ಲಿಗೆ ತಲುಪಿಸುವುದು ಶಿಕ್ಷಕರ ಕೆಲಸ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳ ನೇತ್ರ ತಪಾಸಣೆಗೂ ಉಚಿತ ಕನ್ನಡಕಕ್ಕೂ ಅವಕಾಶವಿದೆ. ಕನ್ನಡಕ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಸಹಪಾಠಿಗಳ ಗೇಲಿಗೆ ಹೆದರಿ ಮಗು ಅದನ್ನು ಚೀಲದಲ್ಲೇ ಇಟ್ಟುಕೊಳ್ಳಬಹುದು. ಕಣ್ಣಿಗೆ ಪಟ್ಟಿ ಕಟ್ಟಿದ್ದು ಏಕೆಂದು ಇಡೀ ತರಗತಿಗೆ ವಿವರಿಸಿದರೆ ಗೇಲಿ ನಿಲ್ಲುತ್ತದೆ.

ಬೋಧನಾಭ್ಯಾಸ ಕೆಲವೇ ವಾರಗಳದ್ದು, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಶಾಲೆಯಿಂದ ಹಿಂದಿರುಗುವ ಮುನ್ನ ಪರೀಕ್ಷೆಯ ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಬೇಕು. ಯಾವ ಮಗು ಆಸ್ಪತ್ರೆಗೆ ಹೋಗಿ ಬಂದಿದೆ, ಯಾವುದು ಇನ್ನೂ ಹೋಗಿಲ್ಲ ಎಂಬುದು ಅದರಲ್ಲಿರಲಿ.